ಹೊಳೆಯಿದ್ದೂ ಕೆರೆಯೇಕೆ?

ಕಳೆದ ಚಳಿಗಾಲದ ಒಂದು ಭಾನುವಾರ ಶಾಸನಪಾಠದ ನೆವದಲ್ಲಿ ನಮ್ಮ ಕಾಲೇಜಿನ ಇಪ್ಪತ್ತು ಮಂದಿ ವಿದ್ಯಾರ್ಥಿಗಳನ್ನು ಕರೆದುಕೊಂಡು ಹದಿನಾರಿಗೆ ಹೋಗಿದ್ದೆ. ಹದಿನಾರು ಎಂದರೆ ಅಂಕಿಯೆಂದು ಭಾವಿಸುವ ಪಟ್ಟಣಿಗರು ಇರುವುದರಿಂದ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಇದು ನಂಜನಗೂಡು ತಾಲ್ಲೂಕಿನ ಒಂದು ಊರು. ಕಪಿಲೆಯ ದಂಡೆಯ ಸುತ್ತೂರಿಗೆ ನೆರೆಯದು. ಮೈಸೂರು ಅರಸರ ವಂಶಾವಳಿಯಲ್ಲಿ ಬರುವ ‘ಹದಿನಾಡು’ ಇದೇ. ನಾಲಗೆಯಿಂದ ನಾಲಗೆಗೆ ಸವೆದು ಹದಿನಾಡು ಹದಿನಾರಾಗಿದೆ.

ಊರಿನ ಕೆರೆ ದೊಡ್ಡದು. ಚಳಿಗಾಲದಲ್ಲಿ ಮಂಗೋಲಿಯದ ಕಡೆಯಿಂದ ಹಿಮಾಲಯವನ್ನೇ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಇಳಿಯುತ್ತವೆ. ಹಗಲೆಲ್ಲ ನೀರಿನಲ್ಲಿದ್ದು, ಕೊಯ್ಲಾದ ಗದ್ದೆಗಳಲ್ಲಿ ಉದುರಿದ ಕಾಳನ್ನು ಹೆಕ್ಕಿ ತಿಂದು, ಬಿಸಿಲೇರುವ ಕಾಲಕ್ಕೆ ಹಿಂದಿರುಗುತ್ತವೆ. ಅವನ್ನು ನೋಡುತ್ತ ಏರಿಯ ಮೇಲೆ ಕುಳಿತ ವಿದ್ಯಾರ್ಥಿಗಳ ಮುಂದೆ ನನಗೆ ಉಪನ್ಯಾಸದ ಚಪಲ ಹುಟ್ಟಿತು. ನೈಲ್, ಟೈಗ್ರಿಸ್, ಯೂಫ್ರೆಟೀಸ್, ಸಿಂಧೂ ಎಂದು ಒಂದೊಂದೇ ಹೆಸರು ಹೇಳಿ, ನಾಗರಿಕತೆಯೆಂಬುದು ನದಿಯ ಮಡಿಲಲ್ಲಿ ಬೇಸಾಯವೆಂಬ ದಾದಿ ಸಾಕಿದ ಕೂಸು ಎಂದೆ. ನಮ್ಮ ಕಾವೇರಿ ಕಪಿಲೆಯರೂ ಆ ಸಾಲಿನವರೇ ಎಂದು ಮುಗಿಸಿದೆ. ಹುಡುಗರು ಬರೆದುಕೊಂಡರು. ಇಪ್ಪತ್ತು ವರ್ಷಗಳಿಂದ ಹೀಗೆಯೇ ಹೇಳುತ್ತ ಬಂದಿದ್ದೇನೆ, ಯಾರೂ ಎದುರಾಡಿರಲಿಲ್ಲ.

ಅಂದು ಎದುರಾಡಿದವರು ವಿದ್ಯಾರ್ಥಿಗಳಲ್ಲ. ಸ್ವಲ್ಪ ದೂರದಲ್ಲಿ ಎಮ್ಮೆಗಳನ್ನು ಮೇಯಲು ಬಿಟ್ಟು, ತಲೆಗೆ ವಸ್ತ್ರ ಸುತ್ತಿ ಕುಳಿತಿದ್ದ ಎಂಬತ್ತು ದಾಟಿದ ಯಜಮಾನರೊಬ್ಬರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡಿದ್ದರು. ಎದ್ದು ಬಂದು, “ಮೇಷ್ಟ್ರೇ, ತಾವು ಓದ್ಕಂಡೋರು. ನನಗೊಂದು ಅರ್ತಾಗ್ನಿಲ್ಲ. ಅಷ್ಟು ದೊಡ್ಡ ಹೊಳೆ ಮಗ್ಗುಲಲ್ಲೇ ಹರೀತಿರುವಾಗ ನಮ್ಮೋರು ಈ ಕೆರೆ ಯಾಕ್ ಕಟ್ಟುದ್ರು?” ಎಂದು ಕೇಳಿದರು.

ನಾನು ಏನೋ ಹೇಳಲು ಬಾಯಿ ತೆರೆದೆ, ಮಾತು ಹೊರಡಲಿಲ್ಲ. ವಿದ್ಯಾರ್ಥಿಗಳು ಪೆನ್ನು ಹಿಡಿದು ಕಾದಿದ್ದರು. ಆ ಗಳಿಗೆಯ ಸಂಕೋಚ ಇನ್ನೂ ನನ್ನನ್ನು ಬಿಟ್ಟಿಲ್ಲ. ಈ ಬರಹ ಅವರಿಗೆ ಅಂದು ಕೊಡಲಾಗದ ಉತ್ತರ.

ನೀರು ತಾನಾಗಿ ಬಂದ ನಾಡು

ನದಿಗಳ ವಿಚಾರದಲ್ಲಿ ನಮ್ಮ ಪಠ್ಯಪುಸ್ತಕಗಳ ಮಾತು ಪೂರ್ತಿ ಸುಳ್ಳೇನೂ ಅಲ್ಲ. ಈಜಿಪ್ಟನ್ನು ನೈಲ್ ನದಿಯ ಕೊಡುಗೆಯೆಂದು ಕರೆದ ಗ್ರೀಕ್ ಇತಿಹಾಸಕಾರ ಹೆರೊಡೋಟಸನಿಗೆ ಆ ನದಿಯ ವಿಚಿತ್ರ ಚೆನ್ನಾಗಿ ತಿಳಿದಿತ್ತು. ಇಥಿಯೋಪಿಯದ ಮಲೆಗಳಲ್ಲಿ ಮಳೆಯಾದರೆ, ಮಳೆಯೇ ಕಾಣದ ಈಜಿಪ್ಟಿನಲ್ಲಿ ಪ್ರವಾಹ ಬರುತ್ತಿತ್ತು; ಅದೂ ಕಳ್ಳನ ಹಾಗಲ್ಲ, ಕರೆದ ನೆಂಟನ ಹಾಗೆ, ಗೊತ್ತಾದ ತಿಂಗಳಲ್ಲಿ. ನೀರು ಹೊಲಗಳ ಮೇಲೆ ಹರಡಿ, ವಾರಗಟ್ಟಲೆ ನಿಂತು, ಕಪ್ಪು ಮೆಕ್ಕಲನ್ನು ಹಾಸಿ ಇಳಿದುಹೋಗುತ್ತಿತ್ತು. ಆಗ ಒಕ್ಕಲಿಗ ಬೀಜ ಚೆಲ್ಲಿದರೆ ಚಳಿಗಾಲದ ತೇವದಲ್ಲೇ ಗೋಧಿ, ಜವೆ ಬೆಳೆದು ನಿಲ್ಲುತ್ತಿದ್ದವು. ನೀರು ಹಾಯಿಸುವುದು, ಗೊಬ್ಬರ ಹಾಕುವುದು ಎರಡೂ ಹೊಳೆಯ ಪಾಲಿನ ಕೆಲಸ. ಆಸ್ವಾನಿನ ಮಹಾ ಅಣೆಕಟ್ಟು 1970ರಲ್ಲಿ ಪೂರ್ಣಗೊಂಡ ಮೇಲೆ ಈ ವಾರ್ಷಿಕ ಪ್ರವಾಹ ನಿಂತುಹೋಯಿತು.

ಟೈಗ್ರಿಸ್ ಯೂಫ್ರೆಟೀಸ್ ನದಿಗಳ ನಡುವಣ ನಾಡಿನಲ್ಲಿ ಹೊಳೆ ಅಷ್ಟು ಸೌಮ್ಯವಾಗಿರಲಿಲ್ಲ. ಅಲ್ಲಿ ಹಿಮ ಕರಗಿ ನೀರು ಉಕ್ಕುವುದು ವಸಂತದಲ್ಲಿ. ಹೊಲದಲ್ಲಿ ಬೆಳೆ ಮಾಗಿ ನಿಂತಿರುವ ಹೊತ್ತಿಗೆ. ಬೇಡದಾಗ ಬರುವ ನೀರನ್ನು ತಡೆಯಲು ಒಡ್ಡು ಬೇಕು. ಬೇಕಾದಾಗ ತರಲು ಕಾಲುವೆ ಬೇಕು. ಒಡ್ಡಿಗೂ ಕಾಲುವೆಗೂ ನೂರಾರು ಕೈ ಬೇಕು. ಆ ಕೈಗಳಿಗೆ ಕೂಳು ಬೇಕು. ಕೂಳಿಗೆ ಕಣಜ, ಕಣಜಕ್ಕೆ ಲೆಕ್ಕ. ಸುಮಾರು ಕ್ರಿ.ಪೂ. 3300ರ ಹೊತ್ತಿಗೆ ಉರುಕ್ ಪಟ್ಟಣದಲ್ಲಿ ಹಸಿ ಮಣ್ಣಿನ ಬಿಲ್ಲೆಗಳ ಮೇಲೆ ಮನುಷ್ಯ ಮೊದಲು ಗೀಚಿದ್ದು ಕಾವ್ಯವನ್ನಲ್ಲ. ಧಾನ್ಯದ, ದನಕರುಗಳ, ಕೂಲಿಯ ಲೆಕ್ಕವನ್ನು. ಸಾಹಿತ್ಯದ ಅಧ್ಯಾಪಕನಾದ ನನಗೆ ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾದರೂ, ನಮ್ಮ ಕವಿಗಳ ಮೂಲಪುರುಷ ಒಬ್ಬ ಶ್ಯಾನುಭೋಗನೇ ಸರಿ.

ಹೀಗೆ ನೋಡಿದರೆ ಹೊಳೆ ತಾನಾಗಿ ಕೈಯೆತ್ತಿ ಕೊಟ್ಟದ್ದು ಈಜಿಪ್ಟಿಗೆ ಮಾತ್ರ. ಅದರ ನೆರೆಯಲ್ಲಿ ಸುಮೇರಿನವರು ಬೆವರು ಸುರಿಸಿ ಕಿತ್ತುಕೊಳ್ಳಬೇಕಾಯಿತು. ನಮ್ಮ ಕಾವೇರಿ ಕಪಿಲೆಯರಾದರೋ ಈ ಎರಡು ಬಗೆಗೂ ಸೇರಿದವರಲ್ಲ.

ತಿರುಮಕೂಡಲಿನ ಮೊದಲ ಒಕ್ಕಲು

ಹದಿನಾರಿನಿಂದ ನಾವು ಅಂದು ಮಧ್ಯಾಹ್ನ ತಿರುಮಕೂಡಲು ನರಸೀಪುರಕ್ಕೆ ಹೋದೆವು. ವಯನಾಡಿನಲ್ಲಿ ಹುಟ್ಟಿದ ಕಪಿಲೆ ಕೊಡಗಿನ ಕಾವೇರಿಯನ್ನು ಸೇರುವುದು ಅಲ್ಲಿ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಕೂಡಿಸಿಕೊಂಡು ತ್ರಿವೇಣಿಯೆಂದು ಲೆಕ್ಕ. ಅಲ್ಲಿನ ಗುಂಜಾ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಅದರ ಅರ್ಥವಂತೆ. ಭಕ್ತರು ಹಾಗೆ ತೂಗಲಿ. ಇತಿಹಾಸದ ತಕ್ಕಡಿ ಬೇರೆ.

ಈ ಸಂಗಮದ ಬಳಿ, ಕಾವೇರಿಯ ದಂಡೆಯ ಮೇಲೆ, ಮೈಸೂರು ವಿಶ್ವವಿದ್ಯಾನಿಲಯದ ಪ್ರೊಫೆಸರ್ ಎಂ. ಶೇಷಾದ್ರಿಯವರು ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕದ ನಡುವಿನವರೆಗೆ ಹಲವು ಸಲ ಭೂಶೋಧನೆ ನಡೆಸಿದರು. ಅದರ ವರದಿ 1971ರಲ್ಲಿ ಅಚ್ಚಾಯಿತು. ಅವರಿಗೆ ಸಿಕ್ಕಿದ್ದು ಅರಮನೆಯಲ್ಲ, ಬಂಗಾರವಲ್ಲ. ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು, ಬೂದುಬಣ್ಣದ ಮಡಕೆಗಳು, ಗುಂಡಿ ತೋಡಿ ಮಲಗಿಸಿದ ಸತ್ತವರು, ಅವರ ಪಕ್ಕದಲ್ಲಿಟ್ಟ ಮಣ್ಣಿನ ಪಾತ್ರೆಗಳು. ಇವೆಲ್ಲ ನವಶಿಲಾಯುಗದವು, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ ಜನರ ಸೊತ್ತು. ಅಲ್ಲಿ ದೊರೆತ ಸುಟ್ಟ ಮಣ್ಣಿನ ತಲೆದಿಂಬೊಂದರ ಸುದ್ದಿಯನ್ನು ಓದಿದಂದಿನಿಂದ ನನಗೆ ಅದು ಮರೆತಿಲ್ಲ. ದಿನವೆಲ್ಲ ದನ ಕಾಯ್ದು, ನೆಲ ಕೆದರಿ, ದಣಿದು ಬಂದ ಯಾರೋ ಒಬ್ಬ ನಮ್ಮೂರಿನವನು ಹೊಳೆಯ ಸದ್ದು ಕೇಳುತ್ತ ಇಂಥದೊಂದಕ್ಕೆ ತಲೆಯಾನಿಸಿ ಮಲಗಿದ್ದನಲ್ಲವೆ!

ಈ ಜನ ಏನು ತಿನ್ನುತ್ತಿದ್ದರು? ಬಳ್ಳಾರಿಯ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಂಡೆಯ ಹಳ್ಳೂರು ಮುಂತಾದ ಅದೇ ಯುಗದ ನೆಲೆಗಳಲ್ಲಿ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಕರಿಕಾಳುಗಳನ್ನು ಸಸ್ಯವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಹುರುಳಿ, ಹೆಸರು, ಕೊರಲೆಯಂಥ ಕಿರುಧಾನ್ಯಗಳು: ದಕ್ಷಿಣದ ಮೊದಲ ಒಕ್ಕಲಿಗನ ಮುಖ್ಯ ಬೆಳೆಗಳು ಇವು. ಇವೆಲ್ಲ ಮುಂಗಾರಿನ ಮಳೆಯನ್ನೇ ನಂಬಿದವು. ಎರಡು ಹದ ಮಳೆ ಬಿದ್ದರೆ ಕಲ್ಲುನೆಲದಲ್ಲೂ ಕೈಕೊಡದವು. ನಾವು ನಮ್ಮದೇ ಎಂದು ಬೀಗುವ ರಾಗಿಯ ತವರು ಆಫ್ರಿಕ. ಅದು ಆಮೇಲೆ ಬಂದ ಸೊಸೆ. ಭತ್ತವೂ ಈ ಸೀಮೆಗೆ ತಡವಾಗಿಯೇ ಬಂತು. ಬೆಳೆಗಿಂತ ಮಿಗಿಲಾಗಿ ದನಕರುಗಳೇ ಅವರ ಸಂಪತ್ತು. ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಕೊಟ್ಟಿಗೆಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಆದವೆಂಬುದನ್ನು ಆಲ್ಚಿನ್ ಎಂಬ ವಿದ್ವಾಂಸರು 1963ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಎರಡು ಮಹಾನದಿಗಳ ಸಂಗಮದಲ್ಲಿ ಮನೆ ಮಾಡಿದವರು ಉಂಡದ್ದು ಮಳೆಯ ಅನ್ನವನ್ನು, ಹೊಳೆಯ ಅನ್ನವನ್ನಲ್ಲ. ಕುಡಿಯಲು, ಮೀನು ಹಿಡಿಯಲು, ದನಗಳ ಮೈ ತೊಳೆಯಲು ಹೊಳೆ ಒದಗಿತು, ಹೊಲಕ್ಕೆ ಒದಗಲಿಲ್ಲ. ಒದಗುವಂತಿರಲೂ ಇಲ್ಲ. ಮೈಸೂರಿನ ಪ್ರಸ್ಥಭೂಮಿಯಲ್ಲಿ ನಮ್ಮ ಹೊಳೆಗಳು ಗಟ್ಟಿಬಂಡೆಯನ್ನು ಕೊರೆದುಕೊಂಡು ತಗ್ಗಿನಲ್ಲಿ ಹರಿಯುತ್ತವೆ, ಹೊಲಗಳು ಮೇಲಿವೆ. ಆಷಾಢ ಶ್ರಾವಣಗಳಲ್ಲಿ ಮಲೆನಾಡಿನ ಮಳೆಗೆ ಹೊಳೆ ಕೆಂಪಾಗಿ ಉಕ್ಕಿದರೂ ನಾಲ್ಕು ದಿನ ಅಬ್ಬರಿಸಿ ಇಳಿದುಹೋಗುತ್ತದೆ. 2018ರಲ್ಲಿ, 2019ರಲ್ಲಿ ನಂಜನಗೂಡಿನ ಬೀದಿಗಳಿಗೆ ಕಪಿಲೆ ನುಗ್ಗಿದಾಗ ಅವಳು ಬಿಟ್ಟುಹೋದದ್ದು ಫಲವತ್ತಾದ ಮೆಕ್ಕಲಿಗಿಂತ ಒದ್ದೆ ಗೋಡೆಗಳನ್ನು ಎಂದು ಅಲ್ಲಿನವರು ಬಲ್ಲರು. ಕಾವೇರಿ ಕೈಬಿಚ್ಚಿ ಹರಡಿಕೊಳ್ಳುವುದು ಬಹುದೂರ ಹೋಗಿ, ತಂಜಾವೂರಿನ ಬಯಲಿನಲ್ಲಿ. ಹುಟ್ಟಿದ ಮನೆಯಲ್ಲಿ ಬಿಗಿಮುಷ್ಟಿ, ಸೇರಿದ ಮನೆಯಲ್ಲಿ ಧಾರಾಳ!

ಬಿತ್ತುವಟ್ಟ

ಹಾಗಾದರೆ ನಮ್ಮ ನಾಡಿನ ಗದ್ದೆಗಳಿಗೆ ನೀರು ಬಂದದ್ದು ಎಲ್ಲಿಂದ? ಕನ್ನಡ ಭಾಷೆಯನ್ನೇ ಕೇಳಬಹುದು. ಹರಿಯುವ ನೀರಿಗೆ ಹೊಳೆ, ಹಳ್ಳ, ತೊರೆ ಎಂಬ ಮೂರು ಮಾತುಗಳಲ್ಲಿ ನಮ್ಮ ರೈತನ ಕೆಲಸ ಸಾಗುತ್ತದೆ. ನಿಂತ ನೀರಿನ ವಿಷಯಕ್ಕೆ ಬಂದರೆ ಕೆರೆ, ಕಟ್ಟೆ, ಕುಂಟೆ, ಕೊಳ, ಹೊಂಡ, ಮಡು. ಅದರಲ್ಲೂ ಕೆರೆಗೆ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂದು ಅಂಗಾಂಗಕ್ಕೂ ಹೆಸರು. ಜಮೀನು ಎರಡೇ ಜಾತಿ: ಕೆರೆಯ ಕೆಳಗಿನದು ನೀರಾರಂಭ, ಮಳೆಯನ್ನು ನಂಬಿದ್ದು ಕಾಡಾರಂಭ. ಯಾವ ವಸ್ತುವಿನೊಡನೆ ಜನ ದಿನವೂ ಗುದ್ದಾಡುತ್ತಾರೋ ಅದಕ್ಕೇ ಭಾಷೆ ಇಷ್ಟೊಂದು ಹೆಸರಿಡುವುದು.

ಮಳೆಗಾಲದಲ್ಲಿ ಇಳಿಜಾರಿನಲ್ಲಿ ಹರಿದುಹೋಗುವ ನೀರಿಗೆ ಅಡ್ಡಲಾಗಿ ಮಣ್ಣಿನ ಏರಿ ಹಾಕುವುದು. ತೂಬಿನ ಮೂಲಕ ಅಳತೆಯಿಂದ ಬಿಡುವುದು. ಹೆಚ್ಚಾದದ್ದು ಕೋಡಿಬಿದ್ದು ಕೆಳಗಿನ ಊರಿನ ಕೆರೆಯನ್ನು ತುಂಬುವಂತೆ ನೋಡಿಕೊಳ್ಳುವುದು: ಹೇಳಲು ಇಷ್ಟೆ. ಆದರೆ ಕೆರೆ ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಹೂಳು ತುಂಬುತ್ತದೆ, ಏರಿಯನ್ನು ಹೆಗ್ಗಣ ಕೊರೆಯುತ್ತದೆ, ತೂಬಿನ ಕಲ್ಲು ಸಡಿಲುತ್ತದೆ. ವರ್ಷ ವರ್ಷವೂ ಕೈ ಬೀಳದಿದ್ದರೆ ಒಂದು ರಾತ್ರಿಯ ಮಳೆಗೆ ಕೆರೆಯೂ ಇಲ್ಲ, ಕೆಳಗಿನ ಊರೂ ಇಲ್ಲ.

ಇದಕ್ಕೆ ನಮ್ಮ ಹಿರಿಯರು ಮಾಡಿದ ಉಪಾಯವೇ ಬಿತ್ತುವಟ್ಟ. ಗಂಗರ ಕಾಲದಿಂದ ಮೊದಲ್ಗೊಂಡು ಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆ ಕಟ್ಟಿಸಿದವನಿಗೋ, ಅದನ್ನು ನೋಡಿಕೊಳ್ಳುವವನಿಗೋ ಅದೇ ಕೆರೆಯ ಕೆಳಗೆ ಬಿಟ್ಟುಕೊಟ್ಟ ಭೂಮಿ ಅಥವಾ ಉತ್ಪತ್ತಿಯ ಪಾಲು ಅದು. ಮುಂದೆ ‘ಕಟ್ಟುಗೊಡಗೆ’ ಎಂಬ ಹೆಸರಿನಲ್ಲೂ ಇದೇ ಪದ್ಧತಿ ಮುಂದುವರಿಯಿತು. ಇದರ ಜಾಣತನವನ್ನು ನೋಡಿ. ಕೆರೆ ತುಂಬಿದರೆ ಅವನ ಗದ್ದೆ ಬೆಳೆಯಿತು. ಕೆರೆ ಒಡೆದರೆ ಅವನ ಗದ್ದೆಯೇ ಮೊದಲು ಹೋಯಿತು. ಸಂಬಳ ಕೊಟ್ಟು ಮೇಲ್ವಿಚಾರಕನನ್ನಿಟ್ಟು, ಅವನ ಮೇಲೊಬ್ಬ ತನಿಖೆದಾರನನ್ನಿಡುವ ತಾಪತ್ರಯವಿಲ್ಲ.

ಬ್ಯಾಬಿಲೋನಿನ ಹಮ್ಮುರಾಬಿ ಕ್ರಿ.ಪೂ. 18ನೆಯ ಶತಮಾನದಲ್ಲಿ ಕೆತ್ತಿಸಿದ ಶಾಸನಕ್ಕೂ ಇದೇ ಚಿಂತೆಯಿತ್ತು. ತನ್ನ ಪಾಲಿನ ಒಡ್ಡನ್ನು ಭದ್ರಪಡಿಸದ ಸೋಮಾರಿಯಿಂದ ನೆರೆಹೊಲ ಮುಳುಗಿದರೆ ಅವನು ಧಾನ್ಯ ತುಂಬಿಕೊಡಬೇಕು. ಆಗದಿದ್ದರೆ ಅವನನ್ನೂ ಅವನ ಸೊತ್ತನ್ನೂ ಮಾರಿ, ಬಂದದ್ದನ್ನು ನಷ್ಟಪಟ್ಟವರು ಹಂಚಿಕೊಳ್ಳಬೇಕು. ಅಲ್ಲಿಯದು ದಂಡದ ದಾರಿ, ಇಲ್ಲಿಯದು ಲಾಭದ ದಾರಿ. ಎರಡರ ಹಿಂದೆಯೂ ಇರುವ ಅರಿವು ಒಂದೇ: ನೀರು ಒಬ್ಬನ ಕೈಗೆ ಸಿಕ್ಕುವ ವಸ್ತುವಲ್ಲ.

ಕೆರೆಯ ಏರಿಯ ಮೇಲೊಂದು ರಾಜ್ಯ

ಹದಿನಾರಿನ ಏರಿಯ ಮೇಲೆ ಕುಳಿತಿದ್ದಾಗ ನನಗೆ ನೆನಪಾಗಬೇಕಾಗಿದ್ದ ಒಂದು ಕಥೆ ಮನೆಗೆ ಬಂದ ಮೇಲೆ ನೆನಪಾಯಿತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟ 1810ರಲ್ಲಿ ಪ್ರಕಟವಾಯಿತು. ಒಡೆಯರ ವಂಶದ ಮೂಲವನ್ನು ಅವನು ಹೇಳುವ ಬಗೆ ಹೀಗೆ: ಬದುಕನ್ನು ಹುಡುಕಿಕೊಂಡು ದಕ್ಷಿಣಕ್ಕೆ ಬಂದ ಇಬ್ಬರು ಯಾದವ ತರುಣರು ಹದಿನಾಡಿನಲ್ಲಿ ಇಳಿದು, ದಾರಿಹೋಕರ ವಾಡಿಕೆಯಂತೆ ಕೆರೆಯ ದಂಡೆಯಲ್ಲಿ ಕುಳಿತಿದ್ದರು. ನೀರಿಗೆ ಬಂದ ಹೆಂಗಸರು ಊರಿನ ಸಂಕಟವನ್ನು ಮಾತಾಡಿಕೊಳ್ಳುತ್ತಿದ್ದುದು ಅವರ ಕಿವಿಗೆ ಬಿತ್ತು. ಊರಿನ ಒಡೆಯ ಬುದ್ಧಿಭ್ರಮಣೆಯಾಗಿ ಎತ್ತಲೋ ಹೊರಟುಹೋಗಿದ್ದಾನೆ; ಕಾರುಗಹಳ್ಳಿಯ ನಾಯಕ ಅವನ ಮಗಳನ್ನು ಕೊಡಿ, ಇಲ್ಲವೇ ಯುದ್ಧಕ್ಕೆ ಬನ್ನಿ ಎನ್ನುತ್ತಿದ್ದಾನೆ. ತರುಣರು ಆ ಮನೆಯವರ ಪಕ್ಷ ವಹಿಸಿದರು, ನಾಯಕನನ್ನು ಕೊಂದರು. ಹಿರಿಯವನು ಹುಡುಗಿಯ ಕೈಹಿಡಿದು ಹದಿನಾಡಿಗೂ ಕಾರುಗಹಳ್ಳಿಗೂ ಒಡೆಯನಾದ. ಅರಮನೆಯ ವಂಶಾವಳಿ ಇವನನ್ನು ಯದುರಾಯನೆಂದು ಕರೆದು 1399ನೆಯ ಇಸವಿಯನ್ನು ಕೊಡುತ್ತದೆ.

ಕಥೆಯಲ್ಲಿ ಎಷ್ಟು ಚರಿತ್ರೆ, ಎಷ್ಟು ಕಲ್ಪನೆ ಎಂಬುದು ಪಂಡಿತರ ಚರ್ಚೆಗೆ ಬಿಟ್ಟದ್ದು. ನನ್ನ ಕುತೂಹಲ ಬೇರೆ. ಐದೂವರೆ ಶತಮಾನ ನಿಂತ ರಾಜ್ಯವೊಂದು ತನ್ನ ಹುಟ್ಟಿನ ಕಥೆಯನ್ನು ಹೇಳುವಾಗ, ಪಕ್ಕದಲ್ಲೇ ಪುಣ್ಯನದಿ ಕಪಿಲೆ ಹರಿಯುತ್ತಿದ್ದರೂ, ಮೊದಲ ಅಂಕವನ್ನು ಕೆರೆಯ ದಂಡೆಯ ಮೇಲೆ ಇಟ್ಟಿದೆ. ಏಕೆಂದರೆ ಊರಿನ ಸುದ್ದಿ ಕೂಡುತ್ತಿದ್ದುದು ಅಲ್ಲಿ. ಒಡೆಯನೆಂದರೆ ಆ ಕಾಲಕ್ಕೆ ಸುಮಾರು 33 ಹಳ್ಳಿಗಳ ಯಜಮಾನನೆಂದು ವಿಲ್ಕ್ಸನೇ ವಿವರಿಸುತ್ತಾನೆ. ಅಷ್ಟು ಹಳ್ಳಿಗಳ ಯಜಮಾನಿಕೆಯೆಂದರೆ ಬಹುಮಟ್ಟಿಗೆ ಅವುಗಳ ಕೆರೆಕಟ್ಟೆಗಳ ಯಜಮಾನಿಕೆಯೇ ಆಗಿದ್ದಿರಬೇಕು.

ಕಟ್ಟೆಯೂ ಮರಳೂ

ಹಾಗೆಂದು ನಮ್ಮವರು ಹೊಳೆಗೆ ಕೈಹಾಕಲೇ ಇಲ್ಲವೆಂದಲ್ಲ. ಕೆರೆ ಕಟ್ಟಿ ಕಟ್ಟಿ ಕೈ ಪಳಗಿದ ಮೇಲೆ ಹಾಕಿದರು. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯ ಬಳಿ ಕಾವೇರಿಗೆ ಅಡ್ಡಲಾಗಿ ಮಾಧವಮಂತ್ರಿ ಅಣೆಕಟ್ಟೆಯಿದೆ. ವಿಜಯನಗರದ ಆರಂಭದ ಅರಸರ ಮಂತ್ರಿಯೊಬ್ಬನ ಹೆಸರು ಅದಕ್ಕೆ ನಿಂತಿದೆ. ಇದೇ ಹೆಮ್ಮಿಗೆಯಲ್ಲಿ ನವಶಿಲಾಯುಗದ ಜನರೂ ಬಾಳಿದ್ದರು. ಹೊಳೆ ಕಾಲಬಳಿ ಹರಿಯುತ್ತಿದ್ದರೂ ಹೊಲಕ್ಕೆ ಹನಿ ದಕ್ಕದೆ ಇದ್ದ ಅವರಿಗೂ, ಅದನ್ನು ಕಾಲುವೆಗೆ ತಿರುಗಿಸಿದ ಈ ಜನರಿಗೂ ನಡುವೆ ಸುಮಾರು ಮೂರು ಸಾವಿರ ವರ್ಷಗಳ ಅಂತರ. ಆಮೇಲೆ ಹದಿನೇಳನೆಯ ಶತಮಾನದಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ನಾಲೆಗಳು ಬಂದವು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾಗಿ ಮೂವತ್ತರ ದಶಕದ ಆರಂಭಕ್ಕೆ ಕೃಷ್ಣರಾಜಸಾಗರ ನಿಂತಿತು. 1974ರಲ್ಲಿ ಬೀಚನಹಳ್ಳಿಯ ಬಳಿ ಕಪಿಲೆಗೂ ಜಲಾಶಯವಾಯಿತು.

ಆದರೆ ಹೊಳೆ ಏನನ್ನೂ ಬಿಟ್ಟಿ ಕೊಡುವುದಿಲ್ಲ. ಮಾಧವಮಂತ್ರಿ ಕಟ್ಟೆಯ ಕೆಳಗಣ ತಿರುವಿನಲ್ಲಿ, ಒಂದು ಕಾಲಕ್ಕೆ ಗಂಗರ ರಾಜಧಾನಿಯಾಗಿದ್ದ ತಲಕಾಡು ಮರಳಿನಲ್ಲಿ ಹೂತುಹೋಗಿದೆ. ಚೋಳರನ್ನು ಸೋಲಿಸಿದ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠಿಸಿದ ಕೀರ್ತಿನಾರಾಯಣನ ಗುಡಿಯನ್ನೂ ಮರಳು ಬಿಡಲಿಲ್ಲ. ಇದಕ್ಕೆ ಅಲಮೇಲಮ್ಮನ ಶಾಪ ಕಾರಣವೆಂದು ಎಲ್ಲರೂ ಬಲ್ಲ ಕಥೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಸಂದರ್ಭಕ್ಕೆ ಅದನ್ನು ಹೊಂದಿಸುತ್ತಾರೆ. ವಿಜ್ಞಾನಿಗಳಲ್ಲಿ ಕೆಲವರ ಅಭಿಪ್ರಾಯ ಬೇರೆ: ಕಟ್ಟೆ ಎದ್ದು ಹೊಳೆಯ ನೀರು ಇಳಿದಾಗ ಪಾತ್ರದ ಮರಳು ಬಿಸಿಲಿಗೆ ಬಯಲಾಯಿತು, ನೈಋತ್ಯದ ಗಾಳಿ ಅದನ್ನು ಹೊತ್ತು ತಂದು ಊರಿನ ಮೇಲೆ ಸುರಿಯಿತು. ಈ ಅಭಿಪ್ರಾಯ ನಿಜವಾದರೆ, ಒಂದು ಊರಿನ ಗದ್ದೆಯ ನೀರಿಗೆ ಇನ್ನೊಂದು ಊರು ತನ್ನ ಗುಡಿಗೋಪುರಗಳನ್ನೇ ಬೆಲೆಯಾಗಿ ತೆತ್ತಿತು. ಕನ್ನಂಬಾಡಿಯ ಹಳೆಯ ಊರು, ಕಪಿಲೆಯ ಜಲಾಶಯದಡಿಯ ಹಳ್ಳಿಗಳು ತೆತ್ತದ್ದೂ ಇಂಥ ಬೆಲೆಯೇ. ಕೆರೆಗೆ ಹಾರವಾದ ಭಾಗೀರಥಿಯ ಕಥೆಯನ್ನು ನಮ್ಮ ಹೆಂಗಸರು ಬೀಸುವಾಗ ಕುಟ್ಟುವಾಗ ಹಾಡಿಕೊಂಡು ಬಂದರಲ್ಲ, ಅದು ಬರಿಯ ಕಥೆಯಲ್ಲ. ನೀರು ಬರಬೇಕಾದರೆ ಮನೆಯಲ್ಲಿ ಎಲ್ಲರಿಗಿಂತ ದುರ್ಬಲರಾದವರ ಕೈಯಿಂದಲೇ ಬೆಲೆ ಕೀಳುತ್ತಾರೆ ಎಂಬ ಅರಿವು ಅದರಲ್ಲಿದೆ.

ನೀರಗಂಟಿ

ನೀರು ಬಂದ ಮೇಲೆ ಜಗಳವೂ ಬರುತ್ತದೆ. ಇದು ಕಾವೇರಿಯ ಮಕ್ಕಳ ವಿಶೇಷವೇನಲ್ಲ. ಸುಮಾರು 4,500 ವರ್ಷಗಳ ಹಿಂದೆ ಸುಮೇರಿನಲ್ಲಿ ಕಾಲುವೆಯ ಮೇಲುಗಡೆಯ ಉಮ್ಮ, ಕೆಳಗಡೆಯ ಲಗಾಶ್ ಎಂಬ ಎರಡು ಪಟ್ಟಣಗಳು ಗಡಿಯ ಭೂಮಿಗಾಗಿ, ನೀರಿಗಾಗಿ ತಲೆಮಾರುಗಟ್ಟಲೆ ಹೋರಾಡಿದವು. ಮೆಸಿಲಿಮ್ ಎಂಬ ಹೊರಗಿನ ಅರಸ ಮಧ್ಯಸ್ಥಿಕೆ ಮಾಡಿ ಗಡಿಗಲ್ಲು ನೆಟ್ಟ. ಉಮ್ಮದವರು ಅದನ್ನು ಕಿತ್ತರು. ಲಗಾಶಿನ ಅರಸ ಗೆದ್ದು ನಿಲ್ಲಿಸಿದ ಕಲ್ಲಿನಲ್ಲಿ ಸತ್ತವರ ತಲೆಗಳನ್ನು ಹದ್ದುಗಳು ಕಚ್ಚಿಕೊಂಡು ಹಾರುತ್ತಿವೆ. ಆ ಕಲ್ಲಿನ ಚೂರುಗಳು ಇಂದು ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿವೆ. ನಮ್ಮಲ್ಲಿ 1892ರಲ್ಲಿ ಮೈಸೂರಿಗೂ ಮದರಾಸಿಗೂ ಮೊದಲ ಒಪ್ಪಂದ, 1924ರಲ್ಲಿ ಎರಡನೆಯದು. 1990ರಲ್ಲಿ ನ್ಯಾಯಮಂಡಳಿ, 2007ರಲ್ಲಿ ಅದರ ಅಂತಿಮ ತೀರ್ಪು, 2018ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಗಡಿಗಲ್ಲಿಗೆ ಬದಲು ಕಾಗದ, ಹದ್ದಿಗೆ ಬದಲು ವಕೀಲರು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಮನುಷ್ಯ ಇಷ್ಟಾದರೂ ಮುಂದೆ ಬಂದಿದ್ದಾನೆಂಬ ಸಮಾಧಾನಕ್ಕೆ ಹೇಳುತ್ತಿದ್ದೇನೆ.

ಊರಿನೊಳಗಿನ ಜಗಳಕ್ಕೆ ನಮ್ಮ ಹಿರಿಯರು ಕಂಡುಕೊಂಡ ಮಧ್ಯಸ್ಥ ನೀರಗಂಟಿ. ವಿಲ್ಕ್ಸ್ ಕೊಡುವ ಹನ್ನೆರಡು ಮಂದಿ ಆಯಗಾರರ ಪಟ್ಟಿಯಲ್ಲಿ ಗೌಡ, ಶ್ಯಾನುಭೋಗ, ತಳವಾರ, ತೋಟಿಯರ ಜೊತೆಗೆ ಅವನೂ ಇದ್ದಾನೆ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ಬಿಡುವುದು ಅವನ ಕೆಲಸ. ಸುಗ್ಗಿಯಲ್ಲಿ ಪ್ರತಿ ಕಣದಿಂದಲೂ ಕೈತುಂಬ ಆಯ. ಗೌಡನಾದರೂ ತಾನೇ ತೂಬಿಗೆ ಕೈಯಿಡುವಂತಿರಲಿಲ್ಲ.

ಅಂದು ಏರಿಯ ಮೇಲೆ ಪ್ರಶ್ನೆ ಕೇಳಿದ ಯಜಮಾನರು ನೆರೆಯೂರಿನ ನೀರಗಂಟಿಯ ಮೊಮ್ಮಗ. ನನ್ನ ಮೌನವನ್ನು ಕಂಡು ಮರುಕಗೊಂಡವರಂತೆ ಅವರೇ ಮಾತು ಮುಂದುವರಿಸಿದರು. “ನಮ್ಮ ತಾತ ಬರಗಾಲ ಬಂದ್ರೆ ಏರಿ ಮ್ಯಾಲೆ ನಿಂತ್ಕಂಡು, ಈ ವರ್ಸ ನೀರು ಇಷ್ಟೇ ಅದೆ, ಎಲ್ಲಾರೂ ಅರ್ಧರ್ಧ ಗದ್ದೆ ನಾಟಿ ಹಾಕಿ ಅಂತಿದ್ರಂತೆ. ಗೌಡ್ರೂ ಅರ್ಧ, ಬಡವನೂ ಅರ್ಧ. ಯಾರೂ ತುಟಿ ಪಿಟಿಕ್ ಅಂತಿರ್ನಿಲ್ಲ.”

“ಅವರ ಮಾತನ್ನು ಎಲ್ಲರೂ ಕೇಳುತ್ತಿದ್ದರೇ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು.

“ಕೇಳ್ದೆ ಏನ್ಮಾಡಾರವ್ವ? ತಾತಂಗೆ ಆ ಕೆರೆ ಕೆಳಗೆ ಒಂದು ಗೇಣು ಗದ್ದೆ ಇರ್ನಿಲ್ಲ. ನಂದು ತಂದು ಅನ್ನೋ ಹಂಗೇ ಇಲ್ವಲ್ಲ.” ಸ್ವಲ್ಪ ತಡೆದು ಹೇಳಿದರು: “ಊರಿನ ಗದ್ದೆಗೆಲ್ಲ ನೀರು ಬುಡ್ತಿದ್ದ ಕೈ ಅದು. ಊರೊಳಗಿನ ಬಾವೀಲಿ ಮಾತ್ರ ಒಂದು ಕೊಡ ಸೇದಂಗಿರ್ನಿಲ್ಲ.”

ಹಳೆಯ ಮೈಸೂರಿನ ಬಹಳಷ್ಟು ಊರುಗಳಲ್ಲಿ ನೀರಗಂಟಿ ಊರಾಚೆಯ ಕೇರಿಯವನೇ ಆಗಿದ್ದ. ಅವನಿಗೆ ಭೂಮಿಯಿಲ್ಲದ್ದರಿಂದಲೇ ಅವನ ನ್ಯಾಯದಲ್ಲಿ ಪಕ್ಷಪಾತವಿರಲಿಲ್ಲ. ಊರು ಅವನ ಬಡತನವನ್ನೇ ತನ್ನ ನ್ಯಾಯದ ತಕ್ಕಡಿಯಾಗಿ ಮಾಡಿಕೊಂಡಿತ್ತು. ನಮ್ಮ ಪೂರ್ವಿಕರ ನೀರಿನ ವ್ಯವಸ್ಥೆಯನ್ನು ಹೊಗಳುವಾಗ ನಾನು ಇನ್ನು ಮುಂದೆ ಈ ಮಾತನ್ನೂ ಸೇರಿಸಿ ಹೇಳಬೇಕಾಗಿದೆ. ಹಂಚುವುದನ್ನು ಕಲಿತ ಊರು, ಹಂಚಿದವನಿಗೆ ಪಾಲು ಕೊಡುವುದನ್ನು ಕಲಿಯಲಿಲ್ಲ.

ಇಂದು ನೀರಗಂಟಿಗಳಿಲ್ಲದ ಕೆರೆಗಳೇ ಹೆಚ್ಚು. ನಾಲೆ ಬಂತು, ಕೊಳವೆಬಾವಿ ಬಂತು. ಅವರವರ ನೀರು ಅವರವರ ಕೀಲಿಯಲ್ಲಿ. ಕೆರೆಗೆ ಹೂಳು ತುಂಬಿದರೂ ನನಗೇನು ಎನ್ನುವ ಕಾಲ. ಹಳೆಯ ಅನ್ಯಾಯ ಹೋಗಲೇಬೇಕಾಗಿತ್ತು. ಅದರ ಜೊತೆಗೆ, ಬರ ಬಂದಾಗ ಎಲ್ಲರೂ ಅರ್ಧರ್ಧ ನಾಟಿ ಮಾಡೋಣ ಎಂದು ಏರಿಯ ಮೇಲೆ ನಿಂತು ಹೇಳುವ ಬಾಯಿಯೂ, ಕೇಳುವ ಕಿವಿಯೂ ಹೋದವು. ಊರಿನಲ್ಲಿ ಕಳೆದುಕೊಂಡದ್ದನ್ನು ರಾಜ್ಯ ರಾಜ್ಯಗಳ ನಡುವೆ ನ್ಯಾಯಾಲಯದಲ್ಲಿ ಹುಡುಕುತ್ತಿದ್ದೇವೆ.

ನಾವು ಹೊರಡುವ ಹೊತ್ತಿಗೆ ಬಿಸಿಲೇರಿತ್ತು. ಯಜಮಾನರು ಎಮ್ಮೆಗಳನ್ನು ಎಬ್ಬಿಸುತ್ತ, ತಮ್ಮ ಪ್ರಶ್ನೆಗೆ ತಾವೇ ಉತ್ತರವನ್ನೂ ಕೊಟ್ಟರು: “ಹೊಳೆ ನೀರು ತಾನಾಗೇ ದಿಣ್ಣೆ ಹತ್ತೀತಾ ಮೇಷ್ಟ್ರೇ? ಅದುಕ್ಕೇ ಕಟ್ಟುದ್ರು.” ಪುಸ್ತಕಗಳನ್ನು ತಿರುವಿ ನಾನು ಕಂಡುಕೊಂಡದ್ದೂ ಇಷ್ಟೆ. ಹೊಳೆ ಹರಿಯುವುದು ತನ್ನಷ್ಟಕ್ಕೆ ತಾನು. ಅದನ್ನು ಊರಾಗಿ, ಗದ್ದೆಯಾಗಿ, ಭಾಷೆಯಾಗಿ ಮಾಡಿದವರು ಮಣ್ಣು ಹೊತ್ತವರು ಮತ್ತು ಪಾಲು ಮಾಡಿದವರು.

ಬರುವ ಚಳಿಗಾಲದಲ್ಲಿ ಮತ್ತೆ ವಿದ್ಯಾರ್ಥಿಗಳೊಡನೆ ಹದಿನಾರಿಗೆ ಹೋಗಬೇಕೆಂದಿದ್ದೇನೆ. ನೈಲ್ ನದಿಯ ಮಾತು ಆಮೇಲೆ. ಮೊದಲು ತೂಬಿನ ಬಳಿ ನಿಲ್ಲಿಸಿ, ಅದನ್ನು ಏನೆನ್ನುತ್ತಾರೆಂದು ಕೇಳುತ್ತೇನೆ. ಯಜಮಾನರು ಅಲ್ಲಿದ್ದರೆ ಪಾಠವನ್ನು ಅವರೇ ಮಾಡಲಿ, ನಾನು ಬರೆದುಕೊಳ್ಳುತ್ತೇನೆ.